ಅಪ್ಪಣೆಯಾದರೆ ತಾಯ್ನುಡಿ

ಬಂಗಾರಪೇಟೆಯಲ್ಲಿ ಹತ್ತಿ ಮಾರಿಕುಪ್ಪಂ ಕಡೆಗೆ ಹೊರಟರೆ, ರೈಲು ಊರಿಗಾಂ ಮುಟ್ಟುವಷ್ಟರಲ್ಲಿ ತಮಿಳು, ತೆಲುಗು, ಕನ್ನಡ, ಉರ್ದು ಎಲ್ಲವೂ ಕಿವಿಗೆ ಬಿದ್ದಿರುತ್ತವೆ. ಜಾನ್ ಟೇಲರ್ ಕಂಪನಿ 1880ರಲ್ಲಿ ಕೋಲಾರದ ಚಿನ್ನದ ಗಣಿಗೆ (ಕೆಜಿಎಫ್) ಕೈಹಾಕಿದ ಮೇಲೆ ಗಡಿಯಾಚೆಯ ತಮಿಳು, ತೆಲುಗು ಜಿಲ್ಲೆಗಳಿಂದ ಬಂದು ಲೈನ್ ಮನೆಗಳಲ್ಲಿ ನೆಲೆಸಿದವರ ಮೊಮ್ಮಕ್ಕಳು, ಮರಿಮಕ್ಕಳು ಈ ಪ್ರಯಾಣಿಕರು. ಎದುರಿಗಿದ್ದವರ ಮುಖ ನೋಡಿ ನುಡಿ ಬದಲಿಸುವುದು ಇಲ್ಲಿ ಮಕ್ಕಳಿಗೂ ಗೊತ್ತು. ಅದಕ್ಕೆ ಯಾರ ಅಪ್ಪಣೆಯೂ ಬೇಡ.

ಇದೇ ಸೀಮೆಯವರು ಆರಿಸಿ ಕಳಿಸುವ ಕೋಲಾರದ ಸಂಸದರಿಗೆ ದೆಹಲಿಯಲ್ಲಿ ಅಪ್ಪಣೆ ಬೇಕು. ಸಂವಿಧಾನದ 120ನೇ ವಿಧಿಯ ಪ್ರಕಾರ ಸಂಸತ್ತಿನ ಕಲಾಪ ಹಿಂದಿಯಲ್ಲಿ ಇಲ್ಲವೇ ಇಂಗ್ಲಿಷಿನಲ್ಲಿ ನಡೆಯಬೇಕು. ಇವೆರಡರಲ್ಲೂ ಮನಸ್ಸಿನಲ್ಲಿದ್ದದ್ದನ್ನು ಸರಿಯಾಗಿ ಹೇಳಲಾಗದವರಿಗೆ ಮಾತ್ರ ಸಭಾಪತಿ ಅಥವಾ ಸಭಾಧ್ಯಕ್ಷರು ತಾಯ್ನುಡಿಯಲ್ಲಿ ಮಾತಾಡಲು ಅನುಮತಿ ಕೊಡಬಹುದು. ಕೊಡಲೇಬೇಕೆಂದಿಲ್ಲ.

ಈ ಷರತ್ತಿನ ಬೇರು ಬ್ರಿಟಿಷರ ಕಾಲದ್ದು. 1935ರ ಭಾರತ ಸರ್ಕಾರ ಕಾಯ್ದೆ ಶಾಸನಸಭೆಗಳ ಕಲಾಪವೆಲ್ಲ ಇಂಗ್ಲಿಷಿನಲ್ಲೇ ನಡೆಯಬೇಕೆಂದು ವಿಧಿಸಿತ್ತು. ಇಂಗ್ಲಿಷ್ ಬಾರದವರು, ಅರೆಬರೆ ಬರುವವರು ಬೇರೆ ಭಾಷೆಯಲ್ಲಿ ಮಾತಾಡಲು ಒಂದು ಕಿಂಡಿಯನ್ನೂ ಬಿಟ್ಟಿತ್ತು. ಸಂವಿಧಾನ ಸಭೆ ಹಿಂದೂಸ್ತಾನಿಯನ್ನು ಇಂಗ್ಲಿಷಿನ ಪಕ್ಕ ಕೂರಿಸಿ, ಆ ಕಿಂಡಿಯನ್ನು ತನ್ನ ನಿಯಮಾವಳಿಯಲ್ಲೂ ಹಾಗೇ ಉಳಿಸಿಕೊಂಡಿತು. ಅಲ್ಲಿಂದ ಅದು 120ನೇ ವಿಧಿಗೆ ಬಂತು. ಆಳುವವರು ಬದಲಾದರು, ತಾಯ್ನುಡಿ ಮಾತ್ರ ಹಿಂದಿ, ಇಂಗ್ಲಿಷ್ ಬಾರದವರಿಗೆ ತೋರುವ ರಿಯಾಯಿತಿಯಾಗಿಯೇ ಉಳಿಯಿತು.

ಮೈಸೂರು ಸೀಮೆಗೆ ಇದು ವಿಚಿತ್ರವೆನಿಸಿರಬೇಕು. ದಿವಾನ್ ರಂಗಾಚಾರ್ಲು 1881ರ ಅಕ್ಟೋಬರ್ 7ರಂದು ಪ್ರಜಾಪ್ರತಿನಿಧಿ ಸಭೆಯನ್ನು ಮೊದಲ ಸಲ ಸೇರಿಸಿದಾಗ ಬಂದ 144 ಮಂದಿಯಲ್ಲಿ ಜಮೀನ್ದಾರರೂ ವರ್ತಕರೂ ಇದ್ದರು. ಆ ಸಭೆಗೆ ಮತ ಹಾಕುವ ಅಧಿಕಾರವಿರಲಿಲ್ಲ, ಬಜೆಟ್ ಮುಟ್ಟುವ ಹಕ್ಕೂ ಇರಲಿಲ್ಲ. ಆದರೆ ಇಂಗ್ಲಿಷ್ ಬಾರದವರು ತಮ್ಮ ತಾಲ್ಲೂಕಿನ ಅಹವಾಲನ್ನು ಕನ್ನಡದಲ್ಲೇ ಹೇಳಿಕೊಳ್ಳುತ್ತಿದ್ದರು.

ಆ ಕಿಂಡಿಯನ್ನು ಉಳಿಸಿಕೊಂಡ ಸಂವಿಧಾನ ಸಭೆಗೆ ಮೈಸೂರಿನಿಂದ ಹೋದವರಲ್ಲಿ ಕೆ. ಚೆಂಗಲರಾಯ ರೆಡ್ಡಿ ಒಬ್ಬರು. ಹುಟ್ಟಿದ್ದು ಗಣಿಗಳಿಗೆ ಹತ್ತಿರದ ಕ್ಯಾಸಂಬಳ್ಳಿಯಲ್ಲಿ. ಮುಂದೆ ಮೈಸೂರಿನ ಮೊದಲ ಮುಖ್ಯಮಂತ್ರಿ. 1957ರಲ್ಲಿ ಅವರು ಕೋಲಾರದಿಂದಲೇ ಲೋಕಸಭೆಗೆ ಗೆದ್ದು ಕೇಂದ್ರ ಸಚಿವರಾದರು.

120ನೇ ವಿಧಿಯೊಳಗೆ ಒಂದು ಗಡುವೂ ಇತ್ತು. ಸಂವಿಧಾನ ಜಾರಿಯಾಗಿ ಹದಿನೈದು ವರ್ಷ ಕಳೆದ ಮೇಲೆ, ಅಂದರೆ 1965ರ ಜನವರಿ 26ರಿಂದ, ಸಂಸತ್ತು ಬೇರೆ ಕಾನೂನು ಮಾಡದಿದ್ದರೆ ‘ಇಂಗ್ಲಿಷ್’ ಆ ಸಾಲಿನಿಂದ ಬಿದ್ದುಹೋಗಬೇಕಿತ್ತು. 1963ರ ಅಧಿಕೃತ ಭಾಷಾ ಕಾಯ್ದೆ ಅದನ್ನು ಉಳಿಸಿತು. ಹಿಂದಿ–ಇಂಗ್ಲಿಷ್ ಜಗಳ ಇಷ್ಟು ಜೋರಾಗಿದ್ದಾಗ ಮಿಕ್ಕ ಭಾಷೆಗಳನ್ನು ವಿಚಾರಿಸುವವರು ಯಾರು?

1967ರಲ್ಲಿ ಶಿವಮೊಗ್ಗದಿಂದ ಸಂಯುಕ್ತ ಸೋಷಲಿಸ್ಟ್ ಪಕ್ಷದ ಜೆ.ಎಚ್. ಪಟೇಲ್ ಲೋಕಸಭೆಗೆ ಗೆದ್ದು ಬಂದರು. ಎದ್ದು ನಿಂತು ಕನ್ನಡದಲ್ಲಿ ಮಾತಾಡಿದರು. ಪಟೇಲರು ಕಾನೂನು ಓದಿದವರು, ಇಂಗ್ಲಿಷ್ ಬಾರದವರೇನಲ್ಲ. ವಿಧಿಯ ಅಕ್ಷರಕ್ಕೆ ಜೋತುಬಿದ್ದಿದ್ದರೆ ಅವರನ್ನು ಕೂರಿಸಬಹುದಿತ್ತು. ಸಭಾಧ್ಯಕ್ಷರ ಪೀಠದಲ್ಲಿದ್ದ ನೀಲಂ ಸಂಜೀವ ರೆಡ್ಡಿ ಕೂರಿಸಲಿಲ್ಲ, ಮಾತಾಡಲು ಬಿಟ್ಟರು. ಲೋಕಸಭೆಯಲ್ಲಿ ಮೊದಲು ಕನ್ನಡ ಆಡಿದವರೆಂದು ಪಟೇಲರ ಹೆಸರು ಉಳಿಯಿತು. ಅನುಮತಿ ಕೊಟ್ಟ ತೆಲುಗರಾದ ರೆಡ್ಡಿಯವರ ಪಾಲೂ ಅದರಲ್ಲಿ ಕಡಿಮೆಯಲ್ಲ. ಸಂವಿಧಾನದ ಒಂದು ಅಕ್ಷರವೂ ತಿದ್ದುಪಡಿಯಾಗದೆ ‘ಬಾರದವರಿಗೆ’ ಎಂಬ ಷರತ್ತು ಸಡಿಲವಾಗಿ ‘ಬೇಕೆಂದವರಿಗೆ’ ಎಂಬ ವಾಡಿಕೆ ಬೆಳೆಯತೊಡಗಿತು.

ವಾಡಿಕೆ ನಡೆಯಲು ಕೇಳುವವರಿಗೆ ಅರ್ಥವಾಗಬೇಕಲ್ಲ. ಹಿಂದಿ–ಇಂಗ್ಲಿಷ್ ನಡುವೆ ಮಾತಿನ ಜೊತೆಜೊತೆಗೇ ಅನುವಾದ ಮಾಡುವ ವ್ಯವಸ್ಥೆ ಲೋಕಸಭೆಗೆ 1964ರಲ್ಲಿ ಬಂದಿತ್ತು. ಗಾಜಿನ ಹಿಂದೆ ಕುಳಿತವರು ಅನುವಾದಿಸುತ್ತಾರೆ, ಸದಸ್ಯರು ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಕೇಳುತ್ತಾರೆ. ಕನ್ನಡ ಮೊದಲಾದ ಭಾಷೆಗಳು ಅಲ್ಲಿಗೆ ಸೇರಿದ್ದು ಆಮೇಲೆ. ಇವತ್ತಿಗೂ ಕನ್ನಡದಲ್ಲಿ ಮಾತಾಡಬೇಕೆನ್ನುವ ಸದಸ್ಯರು ಮುಂಚೆಯೇ ತಿಳಿಸಿದ್ದರೆ ಒಳ್ಳೆಯದು. ಇಲ್ಲವಾದರೆ ಆ ಹೊತ್ತಿಗೆ ಕನ್ನಡ ಬಲ್ಲ ಅನುವಾದಕರು ಕುರ್ಚಿಯಲ್ಲಿರುತ್ತಾರೆಂದು ಹೇಳಲಾಗದು.

ಗಣಿ ಪ್ರದೇಶದವರ ಮಟ್ಟಿಗೆ ಈ ಕಥೆಗೆ ಇನ್ನೊಂದು ಮಗ್ಗುಲಿದೆ. ರಾಜ್ಯಗಳ ಶಾಸನಸಭೆಗಳಿಗೆ ಸಂವಿಧಾನದಲ್ಲಿ 210ನೇ ವಿಧಿಯಿದೆ. ಒಕ್ಕಣೆ ಹೆಚ್ಚುಕಡಿಮೆ ಅದೇ, ಹಿಂದಿ–ಇಂಗ್ಲಿಷ್ ಜೊತೆಗೆ ರಾಜ್ಯದ ಆಡಳಿತ ಭಾಷೆ ಸೇರಿದೆ ಅಷ್ಟೇ. ಕೆಜಿಎಫ್ ಮತದಾರರು ಬೇರೆ ಬೇರೆ ಚುನಾವಣೆಗಳಲ್ಲಿ ಕಮ್ಯುನಿಸ್ಟರನ್ನೂ ರಿಪಬ್ಲಿಕನ್ ಪಕ್ಷದವರನ್ನೂ, 1999ರಲ್ಲಿ ಅಣ್ಣಾ ಡಿಎಂಕೆಯವರನ್ನೂ ಬೆಂಗಳೂರಿಗೆ ಕಳಿಸಿದ್ದಾರೆ. ದೆಹಲಿಯಲ್ಲಿ ಕನ್ನಡಕ್ಕೆ ಇರುವ ಸ್ಥಿತಿಯೇ ವಿಧಾನಸೌಧದಲ್ಲಿ ಈ ಊರಿನ ತಮಿಳಿಗೆ: ಪೀಠ ಒಪ್ಪಿದರೆ ಉಂಟು. ಪಟೇಲರನ್ನು ನೆನೆದು ಹೆಮ್ಮೆಪಡುವ ನಾವು ಈ ಮಗ್ಗುಲನ್ನು ಅಷ್ಟಾಗಿ ನೋಡುವುದಿಲ್ಲ.

2025ರ ಫೆಬ್ರುವರಿಯಲ್ಲಿ ಸಭಾಧ್ಯಕ್ಷ ಓಂ ಬಿರ್ಲಾ ಲೋಕಸಭೆಯ ಅನುವಾದ ವ್ಯವಸ್ಥೆಗೆ ಇನ್ನೂ ಆರು ಭಾಷೆ ಸೇರಿಸಿದ್ದಾಗಿ ಪ್ರಕಟಿಸಿದರು: ಬೋಡೊ, ಡೋಗ್ರಿ, ಮೈಥಿಲಿ, ಮಣಿಪುರಿ, ಉರ್ದು, ಸಂಸ್ಕೃತ. ಡಿಎಂಕೆಯ ದಯಾನಿಧಿ ಮಾರನ್ ಕೂಡಲೇ ಎದ್ದು, ಸಂಸ್ಕೃತದ ಅನುವಾದಕ್ಕೆ ತೆರಿಗೆ ಹಣ ಏಕೆ ಸುರಿಯಬೇಕೆಂದು ತಕರಾರು ತೆಗೆದರು. ಭಾರತದ ಮೂಲಭಾಷೆ ಸಂಸ್ಕೃತವೇ ಎಂದು ಬಿರ್ಲಾ ವಾದಿಸಿದರು. 120ನೇ ವಿಧಿಯ ಷರತ್ತಿನ ಬಗ್ಗೆ ಯಾರೂ ತಲೆಕೆಡಿಸಿಕೊಳ್ಳಲಿಲ್ಲ.