ಆಗಾಗ ತಡವರಿಸುವ ಎಂಜಿನು: ರೋಗವನ್ನು ಹುಡುಕುವ ಕ್ರಮ

ನಮ್ಮ ಕಾಸರಗೋಡು ಸೀಮೆಯ ಕೃಷಿಕರಲ್ಲಿ ಅನೇಕರ ಅಂಗಳದಲ್ಲಿ ಇಂದು ಒಂದು ಕಾರು ನಿಂತಿದೆ. ಹೊಸದನ್ನು ಕೊಂಡವರು ಕೆಲವರು, ಇನ್ನೊಬ್ಬರು ಓಡಿಸಿ ಬಿಟ್ಟುದನ್ನು ಕೊಂಡವರು ಹಲವರು. ಅಡಿಕೆಯ ಚೀಲ ಪೇಟೆಗೆ ಹೋಗುವುದೂ ಅದರಲ್ಲಿ, ಗೊಬ್ಬರ ಮನೆಗೆ ಬರುವುದೂ ಅದರಲ್ಲಿ. ನಡುರಾತ್ರಿಯಲ್ಲಿ ಮನೆಯವರಿಗೆ ಸೌಖ್ಯವಿಲ್ಲದಾದರೆ ಮಂಗಳೂರಿನ ಆಸ್ಪತ್ರೆಗೆ ಒಯ್ಯುವುದೂ ಅದರಲ್ಲಿಯೇ. ಇಂತಹ ವಾಹನವು ಏರುದಾರಿಯ ನಡುವೆ ಮುಗ್ಗರಿಸತೊಡಗಿದರೆ ಆಗುವ ಸಂಕಟವನ್ನು ವಿವರಿಸಬೇಕಾದುದಿಲ್ಲ.

ಪೂರಾ ನಿಂತುಹೋದ ಎಂಜಿನನ್ನು ಸರಿಪಡಿಸುವುದು ಅಷ್ಟು ಕಷ್ಟವಲ್ಲ. ದೋಷವು ಮೆಕ್ಯಾನಿಕನ ಕಣ್ಣೆದುರಿಗೇ ಇರುತ್ತದೆ. ಆಗಾಗ ಮಾತ್ರ ತಡವರಿಸುವ ಎಂಜಿನಿನ ಸಂಗತಿ ಬೇರೆ. ಗ್ಯಾರೇಜಿಗೆ ಒಯ್ದಾಗ ಅದು ಸಾಧುವಾದ ಎತ್ತಿನಂತೆ ಓಡುತ್ತದೆ, ಮನೆಗೆ ಮರಳುವಾಗ ಮತ್ತೆ ಕೆಮ್ಮುತ್ತದೆ. ಆಗ ಊಹೆಯ ಮೇಲೆ ಇಂದು ಪ್ಲಗ್ಗು, ನಾಳೆ ಪಂಪು, ನಾಡದು ಮತ್ತೊಂದು ಎಂದು ಬದಲಾಯಿಸುತ್ತ ಹೋಗುತ್ತೇವೆ. ಕೈಯ ಹಣ ಕರಗುತ್ತದೆ, ರೋಗ ಅಲ್ಲಿಯೇ ಉಳಿಯುತ್ತದೆ. ಈ ರೋಗವನ್ನು ಕ್ರಮವಾಗಿ ಹುಡುಕುವುದು ಹೇಗೆಂಬುದನ್ನು ಇಲ್ಲಿ ವಿಚಾರಿಸೋಣ.

ಎಂಜಿನಿಗೆ ಬೇಕಾದ ಮೂರು

ಪೆಟ್ರೋಲು ಎಂಜಿನು ಓಡಬೇಕಾದರೆ ಗಾಳಿ, ಪೆಟ್ರೋಲು, ಕಿಡಿ ಎಂಬ ಮೂರೂ ಬೇಕು. ಶುದ್ಧವಾದ ಪೆಟ್ರೋಲಾದರೆ ಅದರ ಒಂದು ತೂಕಕ್ಕೆ ಸುಮಾರು 15 ತೂಕ ಗಾಳಿ ಸೇರಬೇಕು. ಪಿಸ್ಟನ್ನು ಈ ಮಿಶ್ರಣವನ್ನು ಒತ್ತಿ ಹಿಡಿದಾಗ ಪ್ಲಗ್ಗಿನ ತುದಿಯಲ್ಲಿ ಕಿಡಿ ಹಾರಬೇಕು. ನಾಲ್ಕು ಸಿಲಿಂಡರಿನ ಎಂಜಿನು ನಿಮಿಷಕ್ಕೆ 3,000 ಸುತ್ತು ತಿರುಗುತ್ತಿದ್ದರೆ, ಎರಡು ಸುತ್ತಿಗೊಮ್ಮೆ ಪ್ರತಿಯೊಂದು ಸಿಲಿಂಡರಿನಲ್ಲಿಯೂ ಕಿಡಿ ಬೇಕಾಗುವುದರಿಂದ, ನಿಮಿಷಕ್ಕೆ 6,000 ಕಿಡಿಗಳು, ಅಂದರೆ ಸೆಕೆಂಡಿಗೆ 100 ಕಿಡಿಗಳು ಆಗಬೇಕು. ಇವುಗಳಲ್ಲಿ ಕೆಲವು ತಪ್ಪಿದರೂ ನಮಗೆ ಅದು ಕೆಮ್ಮಿದಂತೆ ಕೇಳಿಸುತ್ತದೆ. ಮೆಕ್ಯಾನಿಕರು ಇದನ್ನೇ ‘ಮಿಸ್ಸಿಂಗ್’ ಎನ್ನುವುದು.

ಗಾಳಿಗೆ ಪೆಟ್ರೋಲನ್ನು ಬೆರಸುವ ಕೆಲಸವನ್ನು ಹಳೆಯ ಕಾರುಗಳಲ್ಲಿ ಕಾರ್ಬ್ಯುರೇಟರು ಮಾಡುತ್ತದೆ. 1983ರಲ್ಲಿ ಬಂದ ಮಾರುತಿ 800 ಮೊದಲು ಕಾರ್ಬ್ಯುರೇಟರಿನದೇ ಆಗಿತ್ತು. ಅದರ ತಯಾರಿಕೆ 2014ರಲ್ಲಿ ನಿಲ್ಲುವ ಎಷ್ಟೋ ವರ್ಷ ಮೊದಲೇ ಇಂಜೆಕ್ಷನ್ ಪದ್ಧತಿ ಬಂದಿತ್ತು. ಹೊಸ ಕಾರುಗಳಲ್ಲಿ ಟ್ಯಾಂಕಿನೊಳಗಿನ ವಿದ್ಯುತ್ ಪಂಪು ಪೆಟ್ರೋಲನ್ನು ಒತ್ತಿ ಕಳುಹಿಸುತ್ತದೆ, ಅದನ್ನು ಯಾವಾಗ ಎಷ್ಟು ಚಿಮ್ಮಿಸಬೇಕೆಂಬುದನ್ನು ಒಂದು ಚಿಕ್ಕ ಕಂಪ್ಯೂಟರು ನಿರ್ಧರಿಸುತ್ತದೆ. ಸಾಧನ ಬೇರೆಯಾದರೂ ಬೇಕಾದುದು ಅವೇ ಮೂರು. ಆದುದರಿಂದ ಹುಡುಕುವ ಕ್ರಮವೂ ಒಂದೇ.

ಮೊದಲು ಹಾಜರಿ ಪುಸ್ತಕ

ತರಗತಿಗೆ ಆಗಾಗ ತಪ್ಪಿಸಿಕೊಳ್ಳುವ ಹುಡುಗನ ಕಾರಣ ತಿಳಿಯಬೇಕಾದರೆ ಉಪಾಧ್ಯಾಯರು ಮೊದಲು ಹಾಜರಿ ಪುಸ್ತಕವನ್ನು ನೋಡುತ್ತಾರೆ. ಸಂತೆಯ ದಿನಗಳಲ್ಲಿ ಮಾತ್ರ ಬಾರದಿದ್ದರೆ ಕಾರಣ ಸಂತೆಯಲ್ಲಿದೆ, ಮಳೆಯ ದಿನ ಮಾತ್ರ ಬಾರದಿದ್ದರೆ ದಾರಿಯ ತೋಡಿನಲ್ಲಿದೆ. ಎಂಜಿನಿಗೂ ಹೀಗೆಯೇ ಒಂದು ಪುಸ್ತಕವನ್ನು ಕಾರಿನಲ್ಲಿಟ್ಟುಕೊಳ್ಳಿರಿ. ತಡವರಿಸಿದಾಗಲೆಲ್ಲ ಐದು ಸಂಗತಿಗಳನ್ನು ಬರೆದಿಡಿರಿ: ಎಂಜಿನು ತಣ್ಣಗಿತ್ತೋ ಬಿಸಿಯಾಗಿತ್ತೋ, ಏರುದಾರಿಯೋ ಸಮದಾರಿಯೋ, ಮಳೆಯಿತ್ತೋ ಇಲ್ಲವೋ, ಟ್ಯಾಂಕಿನಲ್ಲಿ ಪೆಟ್ರೋಲು ಎಷ್ಟಿತ್ತು, ಶಕ್ತಿಯು ಒಮ್ಮೆಗೇ ಕಡಿಯಿತೋ, ಮೆಲ್ಲಮೆಲ್ಲನೆ ಇಳಿಯಿತೋ. ನಾಲ್ಕೈದು ಸಲದ ಬರಹವಾದ ಮೇಲೆ ಓದಿ ನೋಡಿದರೆ ಮುಕ್ಕಾಲು ದಾರಿ ಕಾಣುತ್ತದೆ.

ಇವುಗಳಲ್ಲಿ ಕೊನೆಯ ಪ್ರಶ್ನೆಯೇ ಮುಖ್ಯವಾದುದು. ಸ್ವಿಚ್ಚು ಆರಿಸಿದಂತೆ ತಟ್ಟನೆ ಕಡಿದು, ತಟ್ಟನೆ ಮರಳಿ ಬಂದರೆ ಹೆಚ್ಚಾಗಿ ದೋಷವು ವಿದ್ಯುತ್ತಿನಲ್ಲಿದೆ. ಕಾಲಿನಲ್ಲಿ ಆಕ್ಸಿಲರೇಟರನ್ನು ಒತ್ತಿದಷ್ಟೂ ಸೊರಗುತ್ತ, ಎಳೆದಾಡುತ್ತ ಇಳಿದರೆ ಹೆಚ್ಚಾಗಿ ಪೆಟ್ರೋಲು ಸಾಲದಾಗಿದೆ.

ಕಿಡಿಯ ದೋಷ

ಹೊಂಡ ಹಾರಿದಾಗ ಮಾತ್ರ ಕೆಮ್ಮುವ ಕಾರಿನಲ್ಲಿ ಯಾವುದೋ ತಂತಿ ಸಡಿಲಾಗಿದೆ ಎಂದು ತಿಳಿಯಬೇಕು. ಮೊದಲು ಎಂಜಿನನ್ನು ನಿಲ್ಲಿಸಿ, ಬೇಟರಿಯ ಎರಡು ತಲೆಗಳನ್ನೂ, ಬೇಟರಿಯಿಂದ ಕಾರಿನ ಮೈಗೆ ಹೋಗುವ ಅರ್ತ್ ತಂತಿಯನ್ನೂ ನೋಡಿರಿ. ಬಿಳಿಯ ಅಥವಾ ಹಸಿರು ಕಿಲುಬು ಹಿಡಿದಿದ್ದರೆ ಕೆರೆದು ಶುದ್ಧಮಾಡಿ ಬಿಗಿಮಾಡಿರಿ. ನಮ್ಮ ಕಡೆ ಇಲಿಗಳ ಕಾಟವೂ ಉಂಟು. ಕೊಟ್ಟಿಗೆಯ ಮಗ್ಗುಲಲ್ಲಿ ನಿಲ್ಲಿಸಿದ ಕಾರಿನ ತಂತಿಗಳ ಹೊದಿಕೆಯನ್ನು ಅವು ಕಡಿದಿರುತ್ತವೆ. ಬೋನೆಟ್ಟನ್ನು ತೆರೆದು ತಂತಿಯ ಉದ್ದಕ್ಕೂ ಕಣ್ಣು ಹಾಯಿಸಿರಿ.

ಮಳೆಯಲ್ಲಿಯೂ ಮುಂಜಾವದ ತೇವದಲ್ಲಿಯೂ ಮಾತ್ರ ತಡವರಿಸಿದರೆ, ಪ್ಲಗ್ಗಿಗೆ ಹೋಗುವ ದಪ್ಪ ತಂತಿಗಳ ಮೇಲೆ ಸಂಶಯಪಡಬೇಕು. ಇವುಗಳಲ್ಲಿ ಹರಿಯುವುದು ಹತ್ತಾರು ಸಾವಿರ ವೋಲ್ಟು. ಹೊದಿಕೆಯಲ್ಲಿ ಕೂದಲೆಳೆಯಷ್ಟು ಬಿರುಕಿದ್ದರೂ, ತೇವವಿದ್ದಾಗ ವಿದ್ಯುತ್ತು ಪ್ಲಗ್ಗಿನ ತನಕ ಹೋಗದೆ ಹತ್ತಿರದ ಕಬ್ಬಿಣಕ್ಕೆ ಹಾರಿಬಿಡುತ್ತದೆ. ಕತ್ತಲೆಯಲ್ಲಿ ಎಂಜಿನನ್ನು ಓಡಿಸಿ, ಬೋನೆಟ್ಟು ತೆರೆದು, ದೂರ ನಿಂತು ನೋಡಿದರೆ ಹಾರುವ ನೀಲಿ ಕಿಡಿ ಕಾಣಿಸಬಹುದು. ಆಗ ಕೈಯಿಂದ ಮುಟ್ಟಕೂಡದು. ಮುಂಡಿನ ಸೆರಗೂ ಶಾಲಿನ ತುದಿಯೂ ಫ್ಯಾನಿನ ಬಳಿಗೆ ಹೋಗಕೂಡದು.

ಅರ್ಧ ಗಂಟೆ ಓಡಿ ಬಿಸಿಯಾದ ಮೇಲೆ ತಟ್ಟನೆ ನಿಂತು, ಕಾಲು ಗಂಟೆ ಆರಿದ ಮೇಲೆ ಏನೂ ಆಗದವರಂತೆ ಹೊರಡುವ ಕಾರುಗಳೂ ಇವೆ. ಇದಕ್ಕೆ ಕಾಯಿಲ್ ಕಾರಣವಾಗಬಹುದು. ಅದರೊಳಗಿನ ತಂತಿಯ ಸುರುಳಿ ಬಿಸಿಗೆ ಹಿಗ್ಗಿ ಸಂಬಂಧ ಕಡಿದುಕೊಂಡು, ಆರಿದಾಗ ಮತ್ತೆ ಕೂಡಿಕೊಳ್ಳುತ್ತದೆ. ಇಂಜೆಕ್ಷನ್ ಕಾರಿನಲ್ಲಿ ಎಂಜಿನಿನ ತಿರುಗಣೆಯನ್ನು ಕಂಪ್ಯೂಟರಿಗೆ ತಿಳಿಸುವ ಕ್ರಾಂಕ್ ಸೆನ್ಸರು ಹೀಗೆಯೇ ಮಾಡುವುದುಂಟು. ನಿಂತ ಕೂಡಲೇ, ಬಿಸಿಯಿರುವಾಗಲೇ, ಪರೀಕ್ಷೆಯಾಗಬೇಕು. ಆರಿದ ಮೇಲೆ ಪರೀಕ್ಷಿಸಿದರೆ ಎಲ್ಲವೂ ಸರಿಯಾಗಿಯೇ ಕಾಣುವುದು.

ಪೆಟ್ರೋಲಿನ ದೋಷ

ಸಮದಾರಿಯಲ್ಲಿ ಚೆನ್ನಾಗಿ ಓಡಿ, ಹೊರೆ ಹೇರಿ ಏರು ಹತ್ತುವಾಗ ಸೊರಗಿದರೆ ಫಿಲ್ಟರನ್ನು ನೋಡಬೇಕು. ಅದು ಅರ್ಧ ಕಟ್ಟಿಕೊಂಡಿದ್ದರೆ ಸಾವಕಾಶದ ಓಟಕ್ಕೆ ಬೇಕಾದಷ್ಟು ಪೆಟ್ರೋಲು ದಾಟುತ್ತದೆ, ಹೆಚ್ಚಿಗೆ ಬೇಕಾದಾಗ ಸಾಲುವುದಿಲ್ಲ. ಕಾರ್ಬ್ಯುರೇಟರಿನ ಕಾರುಗಳಲ್ಲಿ ಫಿಲ್ಟರು ಹೊರಗೇ ಇರುವುದರಿಂದ ಬದಲಾಯಿಸುವುದು ಸುಲಭ, ಬೆಲೆಯೂ ಕಡಿಮೆ.

ಹಳೆಯ ಕಾರು ಹತ್ತು ಮೈಲು ಓಡಿ ಸೊರಗಿ ನಿಂತು, ಸ್ವಲ್ಪ ಹೊತ್ತು ಬಿಟ್ಟರೆ ಮತ್ತೆ ಹೊರಟರೆ, ಟ್ಯಾಂಕಿನ ಮುಚ್ಚಳವನ್ನು ತೆಗೆದು ನೋಡಿರಿ. ಪೆಟ್ರೋಲು ಖರ್ಚಾದಷ್ಟೂ ಗಾಳಿ ಒಳಗೆ ಹೋಗಲು ಒಂದು ಚಿಕ್ಕ ದಾರಿಯಿರುತ್ತದೆ. ಅದು ಕಟ್ಟಿದರೆ ಟ್ಯಾಂಕಿನಲ್ಲಿ ಗಾಳಿಯ ಒತ್ತಡ ಇಳಿದು ಪೆಟ್ರೋಲು ಹರಿಯದು. ಮುಚ್ಚಳ ತೆಗೆದಾಗ ‘ಸುಸ್’ ಎಂದು ಗಾಳಿ ಒಳಗೆ ನುಗ್ಗಿ, ಕಾರು ಕೂಡಲೇ ಸರಿಯಾದರೆ ಉತ್ತರ ಸಿಕ್ಕಿದಂತೆಯೇ.

ಇನ್ನೊಂದು ನೀರಿನ ಸಂಗತಿ. ನಮ್ಮ ದೇಶದ ಪೆಟ್ರೋಲಿಗೆ ಈಗ ಶೇಕಡಾ 20ರ ವರೆಗೆ ಎಥನಾಲನ್ನು ಬೆರಸುತ್ತಾರೆ. ಎಥನಾಲು ನೀರನ್ನು ಹೀರುವ ಸ್ವಭಾವದ್ದು. ನೀರು ಮಿತಿಮೀರಿದರೆ ಎಥನಾಲು ಪೆಟ್ರೋಲನ್ನು ಬಿಟ್ಟು ನೀರಿನೊಡನೆ ಸೇರಿ ಟ್ಯಾಂಕಿನ ತಳದಲ್ಲಿ ಬೇರೆಯಾಗಿ ನಿಲ್ಲುತ್ತದೆ. ಜೂನ್ ತಿಂಗಳಿನಿಂದ ಮಳೆಗಾಲವಿಡೀ ಅರೆ ಟ್ಯಾಂಕಿನಲ್ಲಿ ಕಾರನ್ನು ನಿಲ್ಲಿಸಿಬಿಡುವವರು ಇದನ್ನು ಲಕ್ಷ್ಯದಲ್ಲಿಡಬೇಕು. ಸಂಶಯವಿದ್ದರೆ ಟ್ಯಾಂಕಿನ ತಳದಿಂದ ಸ್ವಲ್ಪ ಪೆಟ್ರೋಲನ್ನು ಮೆಕ್ಯಾನಿಕನಿಂದ ತೆಗೆಯಿಸಿ ಗಾಜಿನ ಬಾಟಲಿಯಲ್ಲಿ ಅರ್ಧ ಗಂಟೆ ನಿಲ್ಲಿಸಿರಿ. ಎರಡು ಪದರ ಕಂಡರೆ ಟ್ಯಾಂಕನ್ನು ಬರಿದುಮಾಡಿಸಬೇಕು. ಈ ಕೆಲಸವನ್ನು ಹೊರಗೆ, ಒಲೆ ಬೀಡಿಗಳಿಂದ ದೂರದಲ್ಲಿ ಮಾಡಬೇಕೆಂಬುದನ್ನು ಮರೆಯಬಾರದು.

ಗಾಳಿಯ ದೋಷ

ನಿಂತಲ್ಲಿ ನಡುಗಿ, ವೇಗ ಕೊಟ್ಟಾಗ ಸರಿಯಾಗುವ ಎಂಜಿನಿನಲ್ಲಿ ಎಲ್ಲಿಯೋ ಒಂದು ರಬ್ಬರು ಕೊಳವೆ ಬಿರುಕು ಬಿಟ್ಟು ಬೇಡದ ಗಾಳಿಯನ್ನು ಎಳೆದುಕೊಳ್ಳುತ್ತಿರಬಹುದು. ಕಿವಿಗೊಟ್ಟರೆ ಸೀಟಿಯಂತಹ ಸಣ್ಣ ಸದ್ದು ಕೇಳಿಸುತ್ತದೆ. ಇದನ್ನು ಪತ್ತೆಮಾಡಲೆಂದು ಬಿಸಿ ಎಂಜಿನಿನ ಮೇಲೆ ಪೆಟ್ರೋಲನ್ನು ಚಿಮುಕಿಸುವವರುಂಟು. ಅದು ಬೆಂಕಿಯನ್ನು ಕರೆದಂತೆ, ಸರ್ವಥಾ ಕೂಡದು.

ಪ್ಲಗ್ಗಿನ ಮುಖ

ಎಂಜಿನು ಆರಿದ ಮೇಲೆ ಪ್ಲಗ್ಗುಗಳನ್ನು ಕಳಚಿ, ಯಾವುದು ಯಾವ ಸಿಲಿಂಡರಿನದೆಂದು ಗುರುತಿಟ್ಟು, ಸಾಲಾಗಿ ಜೋಡಿಸಿರಿ. ತುದಿಯು ತಿಳಿ ಕಂದು ಬಣ್ಣವಾಗಿದ್ದರೆ ಉರಿ ಸರಿಯಾಗಿದೆ. ಒಣ ಮಸಿ ಹಿಡಿದಿದ್ದರೆ ಪೆಟ್ರೋಲು ಹೆಚ್ಚು ಅಥವಾ ಗಾಳಿ ಕಡಿಮೆ. ಏರ್ ಫಿಲ್ಟರನ್ನು ನೋಡಿರಿ. ಬೆಳ್ಳಗೆ ಸುಟ್ಟಂತಿದ್ದರೆ ಪೆಟ್ರೋಲು ಸಾಲದು. ಎಣ್ಣೆ ಜಿಡ್ಡಿದ್ದರೆ ಎಂಜಿನಿನ ಎಣ್ಣೆ ಒಳಗೆ ನುಸುಳುತ್ತಿದೆ. ಪೆಟ್ರೋಲಿನ ವಾಸನೆಯ ಒದ್ದೆಯಿದ್ದರೆ ಅಲ್ಲಿ ಕಿಡಿ ಹಾರಿಲ್ಲ.

ಒಂದು ಪ್ಲಗ್ಗು ಮಾತ್ರ ಒದ್ದೆಯಾಗಿದ್ದರೆ ಕೂಡಲೇ ಹೊಸದನ್ನು ಕೊಳ್ಳಬೇಡಿರಿ. ಅದನ್ನು ಪಕ್ಕದ ಸಿಲಿಂಡರಿಗೆ ಹಾಕಿ, ಪಕ್ಕದ್ದನ್ನು ಇಲ್ಲಿಗೆ ಹಾಕಿ ಓಡಿಸಿರಿ. ದೋಷವು ಪ್ಲಗ್ಗಿನೊಡನೆ ಆಚೆಗೆ ಹೋದರೆ ಕೆಟ್ಟುದು ಪ್ಲಗ್ಗು. ದೋಷ ಅಲ್ಲಿಯೇ ಉಳಿದರೆ ಪ್ಲಗ್ಗು ನಿರಪರಾಧಿ. ಒಂದೊಂದು ಸಿಲಿಂಡರಿಗೂ ಬೇರೆ ಕಾಯಿಲ್ ಇರುವ ಹೊಸ ಕಾರುಗಳಲ್ಲಿ ಕಾಯಿಲನ್ನೂ ಹೀಗೆಯೇ ಅದಲುಬದಲು ಮಾಡಿ ನೋಡಬಹುದು. ಆದರೆ ಒಂದು ಸಲಕ್ಕೆ ಒಂದನ್ನೇ ಬದಲಾಯಿಸಬೇಕು. ಎರಡನ್ನು ಒಟ್ಟಿಗೆ ಬದಲಾಯಿಸಿದರೆ, ಕಾರು ಸರಿಯಾದರೂ ಯಾವುದರಿಂದ ಸರಿಯಾಯಿತೆಂದು ತಿಳಿಯದು.

ಮಿನುಗುವ ದೀಪ

ಇಂಜೆಕ್ಷನ್ ಕಾರುಗಳಲ್ಲಿ ಎಂಜಿನಿನ ಚಿತ್ರವುಳ್ಳ ಹಳದಿ ದೀಪವೊಂದಿದೆ. ಅದು ಒಂದೇ ಸಮನೆ ಉರಿದರೆ ಕಂಪ್ಯೂಟರು ಒಂದು ದೋಷವನ್ನು ಬರೆದಿಟ್ಟಿದೆ ಎಂದರ್ಥ. ಗ್ಯಾರೇಜಿನ ಸ್ಕ್ಯಾನರಿನಿಂದ ಅದನ್ನು ಓದಿಸಿ, ಅಂಕಿಯನ್ನು ನಿಮ್ಮ ಪುಸ್ತಕದಲ್ಲಿ ಬರೆದುಕೊಂಡ ಮೇಲೆಯೇ ಅಳಿಸಗೊಡಿರಿ. ‘ಪಿ 0301’ ಎಂದರೆ ಒಂದನೆಯ ಸಿಲಿಂಡರು ತಪ್ಪುತ್ತಿದೆ, ‘ಪಿ 0302’ ಎಂದರೆ ಎರಡನೆಯದು. ಅಂಕಿಯು ಸ್ಥಳವನ್ನು ತೋರಿಸುತ್ತದೆಯೇ ಹೊರತು ಕಾರಣವನ್ನು ಹೇಳುವುದಿಲ್ಲ. ಕಾರಣವನ್ನು ಮೇಲಿನ ಕ್ರಮದಿಂದಲೇ ಹುಡುಕಬೇಕು.

ಓಡುತ್ತಿರುವಾಗ ಆ ದೀಪ ಮಿನುಗತೊಡಗಿದರೆ ವೇಗ ತಗ್ಗಿಸಿ, ಸಾಧ್ಯವಾದಷ್ಟು ಬೇಗ ನಿಲ್ಲಿಸಬೇಕು. ಸುಡದೆ ಉಳಿದ ಪೆಟ್ರೋಲು ಹೊಗೆ ಕೊಳವೆಯ ಕ್ಯಾಟಲಿಟಿಕ್ ಕನ್ವರ್ಟರಿಗೆ ಹೋಗಿ ಅಲ್ಲಿ ಉರಿದು ಅದನ್ನು ಕೆಂಡದಂತೆ ಕಾಯಿಸುತ್ತದೆ. ಬೇಸಗೆಯಲ್ಲಿ ಒಣಹುಲ್ಲು, ತರಗೆಲೆ, ಅಡಿಕೆ ಸಿಪ್ಪೆಗಳ ಮೇಲೆ ಅಂತಹ ಕಾರನ್ನು ನಿಲ್ಲಿಸಿದರೆ ಬೆಂಕಿ ಹಿಡಿಯಬಹುದು. ಬರಿಯ ನೆಲವನ್ನು ನೋಡಿ ನಿಲ್ಲಿಸಿರಿ.

ಡೀಸೆಲ್ ಗಾಡಿ

ಟ್ರಾಕ್ಟರು, ಟಿಲ್ಲರು, ಡೀಸೆಲ್ ಜೀಪುಗಳಲ್ಲಿ ಕಿಡಿಯ ಪ್ಲಗ್ಗು ಇಲ್ಲ. ಒತ್ತಿದ ಗಾಳಿಯ ಬಿಸಿಯಿಂದಲೇ ಡೀಸೆಲ್ ಹೊತ್ತಿಕೊಳ್ಳುತ್ತದೆ. ಅವು ತಡವರಿಸಿದರೆ ಮೊದಲು ನೋಡಬೇಕಾದುದು ಫಿಲ್ಟರು, ನೀರು ಬೇರ್ಪಡಿಸುವ ಬಟ್ಟಲು, ಡೀಸೆಲ್ ಕೊಳವೆಗೆ ಗಾಳಿ ಹೊಗುವ ಸಡಿಲ ಜೋಡಣೆ.

ಕಾರಣ ತಿಳಿಯುವ ತನಕ ಅಂತಹ ಕಾರನ್ನು ರೈಲ್ವೆ ಗೇಟು ದಾಟುವ ದಾರಿಯಲ್ಲಾಗಲಿ, ರಾತ್ರಿಯ ದೂರ ಪ್ರಯಾಣಕ್ಕಾಗಲಿ ನಂಬಬಾರದು. ಮನೆಯಲ್ಲಿ ಗರ್ಭಿಣಿಯರೋ ವೃದ್ಧರೋ ಇದ್ದರೆ ನೆರೆಮನೆಯವರ ಇನ್ನೊಂದು ವಾಹನಕ್ಕೆ ಮೊದಲೇ ಹೇಳಿಟ್ಟಿರಬೇಕು. ಗ್ಯಾರೇಜಿಗೆ ಹೋಗುವಾಗ ‘ಕಾರು ಸರಿಯಿಲ್ಲ’ ಎಂದಷ್ಟೇ ಹೇಳದೆ, ನೀವು ಬರೆದಿಟ್ಟ ಪುಸ್ತಕವನ್ನು ಮೆಕ್ಯಾನಿಕನ ಕೈಗೆ ಕೊಡಿರಿ. ದೋಷ ಕಾಣಿಸುವ ಏರಿನ ತನಕ ಅವನನ್ನೂ ಕುಳ್ಳಿರಿಸಿಕೊಂಡು ಹೋಗಿರಿ. ಬದಲಾಯಿಸಿದ ಹಳೆಯ ಭಾಗವನ್ನು ಕೇಳಿ ಪಡೆದು, ದಿನಾಂಕವನ್ನೂ ಖರ್ಚನ್ನೂ ಅದೇ ಪುಸ್ತಕದಲ್ಲಿ ಬರೆದಿಡಿರಿ. ಮುಂದಿನ ಸಲ ಅದು ಮತ್ತೆ ಉಪಯೋಗಕ್ಕೆ ಬರುವುದು.