ಮೆಜೆಸ್ಟಿಕ್ ಮುಟ್ಟದ ರೈಲು

ಕೊಗನೊಳ್ಳಿ, ನಿಪ್ಪಾಣಿಯ ಕಡೆಯಿಂದ ಹೆದ್ದಾರಿ ಹಿಡಿದು ಬೆಂಗಳೂರಿಗೆ ಬರುವವರು ಹೆಚ್ಚಾಗಿ ಬಸ್ಸಿಳಿಯುವುದು ಮೆಜೆಸ್ಟಿಕ್‌ನಲ್ಲಿ. 2011ರ ಅಕ್ಟೋಬರ್ 20ರಂದು ‘ನಮ್ಮ ಮೆಟ್ರೊ’ ಓಡತೊಡಗಿದಾಗ ಅವರಿಗೆ ದಕ್ಕಿದ್ದು ಅಷ್ಟಕ್ಕಷ್ಟೆ. ಬೈಯಪ್ಪನಹಳ್ಳಿಯಿಂದ ಎಂ.ಜಿ. ರಸ್ತೆಯವರೆಗೆ 6.7 ಕಿಲೋಮೀಟರ್, ಆರೇ ನಿಲ್ದಾಣ. ಮೆಜೆಸ್ಟಿಕ್ ಇನ್ನೂ ಆಚೆ.

1990ರ ದಶಕದಲ್ಲಿ ಬೆಂಗಳೂರಿಗೆಂದು ಯೋಚಿಸಿದ್ದು ‘ಲಘು ರೈಲು’. ಇಲ್ಲಿ ಲಘು ಎಂಬುದು ತೂಕದ ಮಾತಲ್ಲ, ಹೊರುವ ಜನರ ಲೆಕ್ಕ: ಚಿಕ್ಕ ಗಾಡಿ, ಕಡಿಮೆ ಜನ, ಕಡಿಮೆ ಖರ್ಚು. 1994ರಲ್ಲಿ ಅದಕ್ಕೊಂದು ಸಂಸ್ಥೆಯೂ ಹುಟ್ಟಿತು. ಯೋಜನೆ ಮಾತ್ರ ಕಾಗದ ಬಿಟ್ಟು ಕದಲಲಿಲ್ಲ. ಕಡೆಗೆ ಬಂದದ್ದು ದೊಡ್ಡ ಮೆಟ್ರೊ. 2006ರ ಜೂನ್‌ನಲ್ಲಿ ಶಂಕುಸ್ಥಾಪನೆಯಾಯಿತು. ಕಂಬಗಳೇಳಲು ಎಂ.ಜಿ. ರಸ್ತೆಯ ಮರಗಳೂ ಹೂಬಳ್ಳಿ ಕವಿದ ಕಾಲುಹಾದಿಯೂ ಹೋದವು. ಸಣ್ಣ ಬೆಲೆಯೇನಲ್ಲ.

ಅಷ್ಟು ತೆತ್ತು ಪಡೆದ ರೈಲಿಗೆ ಮೊದಲ ದಿನಗಳಲ್ಲಿ ಸಂಸಾರ ಸಮೇತ ಹತ್ತಿ, ಕೊನೆಯವರೆಗೆ ಹೋಗಿ, ಹಾಗೆಯೇ ಮರಳಿದವರೂ ಬಹಳ. ನಗರದ ನಡುವಿನ ಸುರಂಗ ಮುಗಿದು, 2016ರ ಏಪ್ರಿಲ್ 30ರಂದು ಗಾಡಿ ಮೆಜೆಸ್ಟಿಕ್ ಹಾದು ಮೈಸೂರು ರಸ್ತೆಯವರೆಗೆ ಓಡಿದಾಗಲೇ ನೋಟದ ರೈಲು ಕೆಲಸದ ರೈಲಾಯಿತು. ಬಸ್ಸಿಳಿದವರು ಗಂಟುಮೂಟೆಯೊಂದಿಗೆ ನೆಲದಡಿಗಿಳಿದು ಇಂದಿರಾನಗರದ ಕಡೆ ಹೊರಡುವಂತಾದದ್ದು ಆಗ.