ಗಾಯ ಮಾಯ್ದ ಮೇಲಿನ ನೋವು

ಶಸ್ತ್ರಚಿಕಿತ್ಸೆ ಸಾಂಗವಾಗಿ ಮುಗಿದು, ಹೊಲಿಗೆ ಬಿಚ್ಚಿ, ಗಾಯ ಒಣಗಿ, ಇನ್ನು ಬರಬೇಕಾದ ಅಗತ್ಯವಿಲ್ಲವೆಂದು ವೈದ್ಯರು ಹೇಳಿ ಕಳುಹಿಸಿದ ಎಷ್ಟೋ ತಿಂಗಳುಗಳ ಮೇಲೆಯೂ, ಕೊಯ್ದ ಜಾಗದಲ್ಲಿ ಉರಿಯೋ ಚಳುಕೋ ಸೆಳೆತವೋ ಬಿಡದೆ ಕಾಡುವುದರಿಂದ ಕಂಗೆಟ್ಟವರು ಎಲ್ಲ ಊರುಗಳಲ್ಲಿಯೂ ಇದ್ದಾರೆ. ಮನೆಯವರು ‘ಇನ್ನೂ ನೋವೇ?’ ಎಂದು ಆಶ್ಚರ್ಯಪಡುವರು. ಶಸ್ತ್ರವೈದ್ಯರು ಗಾಯದ ಕಲೆಯನ್ನು ಒತ್ತಿ ನೋಡಿ, ಅದು ಚೆನ್ನಾಗಿ ಕೂಡಿರುವುದನ್ನು ಕಂಡು, ದಿನ ಕಳೆದಂತೆ ಹೋಗುವುದೆಂದು ಸಮಾಧಾನ ಹೇಳುವರು. ರೋಗಿಯಾದರೋ ತನ್ನ ಮಾತಿಗೆ ಬೆಲೆಯಿಲ್ಲವೆಂದು ತಿಳಿದು ಹೇಳುವುದನ್ನೇ ಬಿಟ್ಟುಬಿಡುವನು. ಈ ನೋವಿನ ಹೊಣೆ ಯಾರದು ಎಂಬ ಪ್ರಶ್ನೆಗೆ ಉತ್ತರವಾಗಿ ಹುಟ್ಟಿದ ಒಂದು ವಿಭಾಗವು ಕೆನಡಾ ದೇಶದ ಟೊರಾಂಟೋ ಜನರಲ್ ಆಸ್ಪತ್ರೆಯಲ್ಲಿದೆ. 2014ರಲ್ಲಿ ಆರಂಭವಾದ ಅದರ ಹೆಸರು ‘ಟ್ರಾನ್ಸಿಷನಲ್ ಪೇನ್ ಸರ್ವಿಸ್’, ಎಂದರೆ ನಡುವಣ ಅವಧಿಯ ನೋವಿನ ಸೇವೆ.

ನೋವಿಗೆಂದೇ ಪ್ರತ್ಯೇಕ ಚಿಕಿತ್ಸಾಲಯವಿರಬೇಕೆಂಬ ವಿಚಾರವು ಇದಕ್ಕಿಂತ ಹಳೆಯದು. ಅದರ ಮೂಲಪುರುಷನ ಜೀವನವೂ ಕಥೆಯಂತಿದೆ. ಸಿಸಿಲಿಯ ಬಳಿಯ ಫಿಲಿಕೂಡಿ ಎಂಬ ಪುಟ್ಟ ದ್ವೀಪದಲ್ಲಿ 1917ರಲ್ಲಿ ಜನಿಸಿ, ಬಾಲ್ಯದಲ್ಲಿಯೇ ಅಮೆರಿಕಕ್ಕೆ ಬಂದ ಜಾನ್ ಬೊನಿಕಾ, ವೈದ್ಯವಿದ್ಯೆಯ ಖರ್ಚಿಗಾಗಿ ಮುಖವಾಡ ತೊಟ್ಟು ಕುಸ್ತಿಯ ಕಣಕ್ಕಿಳಿಯುತ್ತಿದ್ದನು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಸೈನ್ಯದ ಆಸ್ಪತ್ರೆಯೊಂದರಲ್ಲಿ ಅರಿವಳಿಕೆಯ ವೈದ್ಯನಾಗಿದ್ದಾಗ, ಗಾಯ ಮಾಯ್ದರೂ ನೋವು ಮಾಯದ ಯೋಧರನ್ನು ಕಂಡು, ಒಬ್ಬನೇ ವೈದ್ಯನಿಂದ ಇದು ಬಗೆಹರಿಯುವ ವ್ಯಾಧಿಯಲ್ಲವೆಂಬ ನಿಶ್ಚಯಕ್ಕೆ ಬಂದನು. ನೋವಿನ ಚಿಕಿತ್ಸೆಯನ್ನು ಕುರಿತ ಅವನ ಬೃಹದ್ಗ್ರಂಥವು 1953ರಲ್ಲಿ ಪ್ರಕಟವಾಯಿತು; 1960ರ ದಶಕದ ಆದಿಯಲ್ಲಿ ಸಿಯಾಟಲ್ ನಗರದ ವಿಶ್ವವಿದ್ಯಾಲಯದಲ್ಲಿ, ನಾನಾ ಶಾಖೆಗಳ ವೈದ್ಯರು ಒಂದೇ ಮೇಜಿನ ಸುತ್ತ ಕುಳಿತು ರೋಗಿಯನ್ನು ವಿಚಾರಿಸುವ ಚಿಕಿತ್ಸಾಲಯವು ಅವನ ನೇತೃತ್ವದಲ್ಲಿ ನೆಲೆಗೊಂಡಿತು. ಕುಸ್ತಿಯಲ್ಲಿ ಜಖಂಗೊಂಡ ಕೀಲುಗಳ ನೋವನ್ನು ಕಡೆಯವರೆಗೂ ಅನುಭವಿಸಿದ ಅವನಿಗೆ, ಈ ವಿಷಯವು ಕೇವಲ ಪುಸ್ತಕದ ಪಾಂಡಿತ್ಯವಾಗಿರಲಿಲ್ಲ.

ಆದರೂ ಶಸ್ತ್ರಚಿಕಿತ್ಸೆಯೇ ನೋವಿನ ಕಾರಣವಾಗಬಹುದೆಂಬ ಮಾತಿಗೆ ವೈದ್ಯಲೋಕವು ಬಹುಕಾಲ ಕಿವಿಗೊಡಲಿಲ್ಲ. ಉತ್ತರ ಬ್ರಿಟನ್ನಿನ ಹತ್ತು ಪೇನ್ ಕ್ಲಿನಿಕ್‌ಗಳಿಗೆ ಬಂದ 5130 ರೋಗಿಗಳ ವಿವರಗಳನ್ನು ಕ್ರಾಂಬಿ, ಡೇವಿಸ್, ಮೆಕ್ರೇ ಎಂಬ ಮೂವರು ಪರಿಶೀಲಿಸಿ 1998ರಲ್ಲಿ ಪ್ರಕಟಿಸಿದಾಗ, ಶೇಕಡ 22.5ರಷ್ಟು ಮಂದಿಯ ನೋವಿಗೆ ಹಿಂದೆ ನಡೆದ ಶಸ್ತ್ರಚಿಕಿತ್ಸೆಯೂ ಕಾರಣವಾಗಿದ್ದುದು ತಿಳಿದುಬಂದಿತು. ಈಗ ವಿಶ್ವ ಆರೋಗ್ಯ ಸಂಸ್ಥೆಯ ರೋಗವರ್ಗೀಕರಣದ ಹನ್ನೊಂದನೆಯ ಆವೃತ್ತಿಯಲ್ಲಿ ಇದಕ್ಕೆ ಸ್ವತಂತ್ರ ಸ್ಥಾನ ದೊರೆತಿದೆ: ಶಸ್ತ್ರಚಿಕಿತ್ಸೆಯ ತರುವಾಯ ಹುಟ್ಟಿದ ಅಥವಾ ಹೆಚ್ಚಿದ ನೋವು, ಮಾಯುವ ಅವಧಿಯನ್ನು ಮೀರಿ ಮೂರು ತಿಂಗಳಿಗಿಂತ ಹೆಚ್ಚು ಕಾಲ ಉಳಿದರೆ ಅದೇ ಒಂದು ವ್ಯಾಧಿ.

ಎಲ್ಲ ಶಸ್ತ್ರಚಿಕಿತ್ಸೆಗಳೂ ಈ ವಿಷಯದಲ್ಲಿ ಸಮಾನವಲ್ಲ. ಹರ್ನಿಯಾ ಆಪರೇಷನ್ ಮತ್ತು ಸಿಸೇರಿಯನ್ನಿನ ಅನಂತರ ಸುಮಾರು ಹತ್ತರಲ್ಲಿ ಒಬ್ಬರಿಗೆ ಈ ಬಾಧೆಯೆಂದು ಅಂದಾಜಿದ್ದರೆ, ಪಕ್ಕೆಲುಬುಗಳ ನಡುವೆ ಕೊಯ್ದು ಎದೆಯನ್ನು ತೆರೆದಾಗ ಅದು ಮೂರರಲ್ಲಿ ಒಬ್ಬರನ್ನೂ ಮೀರಬಹುದು. ಸ್ತನದ ಶಸ್ತ್ರಚಿಕಿತ್ಸೆ ಮತ್ತು ಅಂಗಚ್ಛೇದಗಳಲ್ಲಿಯೂ ಪ್ರಮಾಣವು ದೊಡ್ಡದೇ. ಹೀಗಾಗಲು ಮುಖ್ಯ ಕಾರಣ ನರಗಳು. ಉದಾಹರಣೆಗೆ, ಸ್ತನದ ಶಸ್ತ್ರಚಿಕಿತ್ಸೆಯಲ್ಲಿ ಕಂಕುಳಿನ ಗ್ರಂಥಿಗಳನ್ನು ತೆಗೆಯುವಾಗ ಅಲ್ಲಿ ಹಾದು ತೋಳಿನ ಒಳಮಗ್ಗುಲಿಗೆ ಹೋಗುವ ಸಣ್ಣ ನರವೊಂದು ತುಂಡಾಗುವುದೋ ಜಗ್ಗುವುದೋ ಸಹಜ. ಆಮೇಲೆ ಆ ಭಾಗವು ಒಂದು ಕಡೆ ಜೋಮು ಹಿಡಿದಂತಿದ್ದು, ಮತ್ತೊಂದು ಕಡೆ ಸೀರೆಯ ಸೆರಗು ತಗುಲಿದರೂ ಬೆಂಕಿ ಮುಟ್ಟಿದಂತಾಗುವುದು. ಪೆಟ್ಟುಬಿದ್ದ ನರದ ಕೂಗನ್ನು ಬಹುದಿನ ಕೇಳಿದ ಬೆನ್ನುಹುರಿಯು, ಒಮ್ಮೆ ಕಳ್ಳ ಹೊಕ್ಕ ಮನೆಯ ನಾಯಿ ಎಲೆ ಅಲುಗಿದರೂ ಬೊಗಳುವಂತೆ, ಸಾಮಾನ್ಯ ಸ್ಪರ್ಶವನ್ನೂ ನೋವೆಂದೇ ಮಿದುಳಿಗೆ ವರದಿಮಾಡತೊಡಗುವುದು. ನರವಿಜ್ಞಾನಿ ಕ್ಲಿಫರ್ಡ್ ವೂಲ್ಫ್ 1983ರಲ್ಲಿ ಪ್ರಯೋಗದಿಂದ ತೋರಿಸಿಕೊಟ್ಟುದು ಬೆನ್ನುಹುರಿಯ ಈ ಉದ್ರೇಕವನ್ನೇ.

ಟೊರಾಂಟೋದ ವಿಭಾಗವನ್ನು ಕಟ್ಟಿದವರಲ್ಲಿ ಪ್ರಮುಖರು ಅರಿವಳಿಕೆ ತಜ್ಞರಾದ ಹ್ಯಾನ್ಸ್ ಕ್ಲಾರ್ಕ್ ಮತ್ತು ಮನಶ್ಶಾಸ್ತ್ರಜ್ಞರಾದ ಜೋಯಲ್ ಕಾಟ್ಸ್. ಕಾಲು ಕಳೆದುಕೊಂಡವರಲ್ಲಿ ಕೆಲವರಿಗೆ, ಕಾಲಿದ್ದಾಗ ಬಾಧಿಸುತ್ತಿದ್ದ ನೋವೇ, ಇಲ್ಲದ ಕಾಲಿನ ಅದೇ ಜಾಗದಲ್ಲಿ ಮತ್ತೆ ತೋರುವುದುಂಟೆಂಬುದನ್ನು ಕಾಟ್ಸ್ ಅವರು ತಮ್ಮ ಗುರು ರೊನಾಲ್ಡ್ ಮೆಲ್ಜಾಕ್ ಅವರೊಡನೆ 1990ರಲ್ಲಿಯೇ ವಿವರಿಸಿದ್ದರು. ನರಮಂಡಲವು ನೋವನ್ನು ನೆನಪಿಡುವುದಾದರೆ ಆ ನೆನಪು ಬೇರೂರುವ ಮುನ್ನವೇ ವೈದ್ಯನು ಅಡ್ಡಬರಬೇಕಷ್ಟೆ. ಆದಕಾರಣ ಇಲ್ಲಿಯ ಕೆಲಸವು ಶಸ್ತ್ರಚಿಕಿತ್ಸೆಗಿಂತ ಮೊದಲೇ ಆರಂಭವಾಗುವುದು. ಮೊದಲೇ ಬೇರೆ ನೋವಿನಿಂದ ಬಳಲುತ್ತಿರುವವರು, ಮಾರ್ಫಿನ್ ವರ್ಗದ ಔಷಧಗಳಿಗೆ ಒಗ್ಗಿಹೋದವರು, ವಿಶೇಷವಾಗಿ ಭೀತರಾದವರು, ಇವರನ್ನು ಮುಂಚಿತವಾಗಿ ಗುರುತಿಸುವರು. ಆಪರೇಷನ್ನಿನ ಮರುದಿನಗಳಲ್ಲಿ ಯಾರ ನೋವು ಅಳತೆಗೆ ಮೀರಿದೆಯೆಂಬುದನ್ನು ಹಾಸಿಗೆಯ ಬಳಿಗೇ ಹೋಗಿ ನೋಡುವರು. ಮನೆಗೆ ಹೋದ ಬಳಿಕ ಅಂಥವರನ್ನು ಮತ್ತೆ ಕರೆಯಿಸಿಕೊಳ್ಳುವರು. ಸಾಮಾನ್ಯ ಪೇನ್ ಕ್ಲಿನಿಕ್‌ಗಳಲ್ಲಿ ಸರದಿ ಬರಲು ತಿಂಗಳುಗಟ್ಟಲೆ ಕಾಯಬೇಕಾದ ದೇಶದಲ್ಲಿ, ಈ ನಡುವಣ ಕಾಲವನ್ನು ತುಂಬಿಕೊಟ್ಟುದೇ ಇದರ ವೈಶಿಷ್ಟ್ಯ. ವೈದ್ಯ, ದಾದಿ, ಫಿಸಿಯೋಥೆರಪಿಸ್ಟ್ ಇವರ ಜೊತೆಗೆ ಮನಶ್ಶಾಸ್ತ್ರಜ್ಞರೂ ಇರುವರು. ನೋವು ‘ಮನಸ್ಸಿನ ಭ್ರಮೆ’ ಎಂಬ ಕಾರಣಕ್ಕಲ್ಲ, ನೋವಿನ ಭಯದಿಂದ ಕೈಕಾಲು ಆಡಿಸದವನಿಗೆ ನೋವೂ ಬಿಗಿತವೂ ಇಮ್ಮಡಿಯಾಗುವುದರಿಂದ. ಔಷಧದ ಪ್ರಮಾಣವನ್ನು ಮೆಲ್ಲಮೆಲ್ಲನೆ ಇಳಿಸುವುದೂ ಈ ತಂಡದ್ದೇ ಹೊಣೆ.

ಇಂಥ ನೋವಿನ ಪರೀಕ್ಷೆಯ ಕ್ರಮವೂ ಸರಳವಾಗಿದೆ. ಹತ್ತಿಯ ಎಳೆಯೊಂದನ್ನು ಕಲೆಯ ಸುತ್ತ ಮೆಲ್ಲನೆ ಸವರುತ್ತ, ಎಲ್ಲಿ ಸ್ಪರ್ಶ ತಿಳಿಯದು, ಎಲ್ಲಿ ತಿಳಿದೊಡನೆ ಉರಿಯುವುದು ಎಂದು ಕೇಳಿ, ಚರ್ಮದ ಮೇಲೆ ಪೆನ್ನಿನಿಂದ ಗೆರೆಯೆಳೆದುಕೊಳ್ಳುವರು. ಆ ಗೆರೆಯ ಆಕಾರವೇ ಪೆಟ್ಟುಬಿದ್ದ ನರ ಯಾವುದೆಂಬುದನ್ನು ಹೇಳಿಬಿಡುವುದುಂಟು.

ಈ ನೋವನ್ನು ತಡೆಯುವ ಉಪಾಯಗಳ ವಿಷಯದಲ್ಲಿ ಉತ್ಸಾಹವು ಪ್ರಮಾಣವನ್ನು ಮೀರಿತ್ತೆಂದೇ ಹೇಳಬೇಕು. ನರದ ನೋವಿಗೆ ಕೊಡುವ ಗ್ಯಾಬಪೆಂಟಿನ್ ಮೊದಲಾದ ಮಾತ್ರೆಗಳನ್ನು ಮುಂಚಿತವಾಗಿ ಕೊಟ್ಟರೆ ಸಾಕೆಂಬ ಆಸೆ ಫಲಿಸಲಿಲ್ಲ. ಇವುಗಳಿಗಿಂತ ಹೆಚ್ಚು ಭರವಸೆ ಹುಟ್ಟಿಸಿರುವುದು, ಎದೆ ತೆರೆಯುವಾಗ ಬೆನ್ನುಹುರಿಯ ಹೊರಪದರದ ಬಳಿ ಸಣ್ಣ ನಳಿಗೆಯಿಟ್ಟು, ಸ್ತನದ ಶಸ್ತ್ರಚಿಕಿತ್ಸೆಯಲ್ಲಿ ಬೆನ್ನೆಲುಬಿನ ಪಕ್ಕದಲ್ಲಿ ಮದ್ದು ಹಾಕಿ, ಆ ಭಾಗದ ನರಗಳನ್ನೇ ಮರಗಟ್ಟಿಸುವ ಪದ್ಧತಿ. ಅದಕ್ಕೂ ಮಿಗಿಲಾದುದು, ನರವನ್ನು ಗುರುತಿಸಿ ಉಳಿಸುವ ಶಸ್ತ್ರವೈದ್ಯನ ಕೈ. ಬೇರೂರಿದ ನೋವಿಗೆ ಅಮಿಟ್ರಿಪ್ಟಿಲಿನ್‌ನಂಥ ಹಳೆಯ ಮಾತ್ರೆಗಳು, ಲಿಡೋಕೇನ್ ಪಟ್ಟಿಗಳು, ವ್ಯಾಯಾಮ ಇವೆಲ್ಲ ಇವೆ. ನಮ್ಮ ಅಡುಗೆಮನೆಯ ಮೆಣಸಿನಕಾಯಿಯ ಸತ್ತ್ವವಾದ ಕ್ಯಾಪ್ಸೈಸಿನ್ನಿನ ಪಟ್ಟಿಯೂ ಇದೆ. ಶೇಕಡ 8ರ ಗಾಢತೆಯ ಈ ಪಟ್ಟಿಯನ್ನು ಆಸ್ಪತ್ರೆಯಲ್ಲಿ ಒಂದು ಗಂಟೆ ಅಂಟಿಸಿಟ್ಟರೆ, ಮೊದಲು ಉರಿದು, ಆಮೇಲೆ ಚರ್ಮದೊಳಗಿನ ನೋವಿನ ನರತುದಿಗಳು ಹಿಂಜರಿದು, ಕೆಲವರಿಗೆ ಮೂರು ತಿಂಗಳವರೆಗೆ ಉಪಶಮನ ದೊರೆಯುವುದು. ಎಲ್ಲರಿಗೂ ಎಲ್ಲವೂ ಹಿಡಿಸದು. ಸಂಪೂರ್ಣ ಗುಣವಾಗುವವರಿಗಿಂತ ನೋವಿನೊಡನೆಯೇ ಕೆಲಸಕ್ಕೆ ಮರಳುವವರೇ ಹೆಚ್ಚು, ಅದೂ ಅಲ್ಪ ಲಾಭವಲ್ಲ.

ನಮ್ಮ ದೇಶದ ದೊಡ್ಡ ಆಸ್ಪತ್ರೆಗಳಲ್ಲಿಯೂ ಅರಿವಳಿಕೆ ವಿಭಾಗದವರು ನಡೆಸುವ ಪೇನ್ ಕ್ಲಿನಿಕ್‌ಗಳಿವೆ. ಆಪರೇಷನ್ನಿಗೆ ಮುನ್ನ ‘ಫಿಟ್‌ನೆಸ್’ ನೋಡುವ ಅರಿವಳಿಕೆ ತಜ್ಞರು ಬಿ.ಪಿ., ಶುಗರ್ ವಿಚಾರಿಸುವಾಗ, ತಮಗೆ ಬಹುದಿನದ ನೋವೇನಾದರೂ ಇದ್ದರೆ, ಹಿಂದಿನ ಶಸ್ತ್ರಚಿಕಿತ್ಸೆಯ ಬಳಿಕ ನೋವು ಉಳಿದಿದ್ದರೆ, ನಿತ್ಯ ನುಂಗುವ ನೋವಿನ ಮಾತ್ರೆಗಳಿದ್ದರೆ, ಅವರು ಕೇಳಲಿ ಬಿಡಲಿ, ವಾಚಕರು ತಾವಾಗಿಯೇ ಹೇಳಬೇಕು. ಆಪರೇಷನ್ ಆಗಿ ಮೂರು ತಿಂಗಳು ಕಳೆದರೂ ಕಲೆಯ ಸುತ್ತ ಉರಿ ನಿಲ್ಲದಿದ್ದರೆ, ಗಾಯ ಕೂಡಿದೆಯೆಂಬ ಸಮಾಧಾನಕ್ಕೆ ತೃಪ್ತರಾಗದೆ, ಪೇನ್ ಕ್ಲಿನಿಕ್ಕಿಗೆ ಚೀಟಿ ಬರೆದುಕೊಡಿರೆಂದು ಶಸ್ತ್ರವೈದ್ಯರನ್ನು ಕೇಳಲು ಸಂಕೋಚಪಡಬೇಕಾಗಿಲ್ಲ.